ಪದ ಪರಿಚಯ: ಸಾಮರ್ಥ್ಯಾಧಾರಿತ ಪಠ್ಯಕ್ರಮ

‘ಪಠ್ಯಕ್ರಮ’ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪರೀಕ್ಷೆಗೆ ಬರುವ ಪಾಠಗಳ ಪಟ್ಟಿ. ಆ ಪಟ್ಟಿಗೆ ಸಲ್ಲುವ ಹೆಸರು ಪಠ್ಯವಸ್ತು. ಮಾತಿನಲ್ಲಿ ಎಲ್ಲರೂ ಸಿಲಬಸ್ ಎನ್ನುವುದು ಅದನ್ನೇ. ಪಠ್ಯಕ್ರಮದ ಹರವು ಅದಕ್ಕಿಂತ ದೊಡ್ಡದು: ಯಾರಿಗೆ ಕಲಿಸಬೇಕು, ಕಲಿತವರು ಕೊನೆಗೆ ಏನು ಮಾಡಬಲ್ಲವರಾಗಬೇಕು, ಅದನ್ನು ಎಲ್ಲಿ, ಯಾರ ಕೈಕೆಳಗೆ ಕಲಿಯಬೇಕು, ಕಲಿತದ್ದನ್ನು ಒರೆಗೆ ಹಚ್ಚುವುದು ಹೇಗೆ ಎಂಬುದೆಲ್ಲ ಅದರೊಳಗೆ ಸೇರುತ್ತದೆ. ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯ ಸಮಾಜಕಾರ್ಯಕರ್ತರು ಮುಂತಾದವರ ಶಿಕ್ಷಣದಲ್ಲಿ ಈಗ ಬಳಕೆಯಲ್ಲಿರುವ ‘ಸಾಮರ್ಥ್ಯಾಧಾರಿತ ಪಠ್ಯಕ್ರಮ’ವು ಇವುಗಳಲ್ಲಿ ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳುತ್ತದೆ, ಉಳಿದವುಗಳಿಗೆ ಉತ್ತರವನ್ನು ಅದರಿಂದಲೇ ಹೊರಡಿಸುತ್ತದೆ.

ಇಲ್ಲಿ ‘ಸಾಮರ್ಥ್ಯ’ವೆಂದರೆ ಹುಟ್ಟಿನಿಂದ ಬಂದ ಶಕ್ತಿಯಲ್ಲ. ತಿಳಿವಳಿಕೆ, ಕೈಯ ಪಳಗಿಕೆ, ಎದುರಿಗಿರುವವರೊಡನೆ ನಡೆದುಕೊಳ್ಳುವ ರೀತಿ ಮೂರೂ ಕೂಡಿ ಒಂದು ಕೆಲಸವಾಗಿ ಕಣ್ಣಿಗೆ ಕಾಣಿಸಿಕೊಂಡಾಗ ಅದನ್ನು ಸಾಮರ್ಥ್ಯ ಎನ್ನುತ್ತಾರೆ.

ಆಶಾ ಕಾರ್ಯಕರ್ತೆಯ ತರಬೇತಿಯನ್ನೇ ನೋಡಬಹುದು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಕೆ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಹೋಗಿ ನೋಡಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ ಹೋಗಬೇಕು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿ, ಶಿಶುಮರಣ ತಗ್ಗುವುದನ್ನು ತೋರಿಸಿಕೊಟ್ಟರು. ಆ ಮಾದರಿಯ ಬೆನ್ನಿಗೆ 2011ರಲ್ಲಿ ಈ ಮನೆಭೇಟಿಗಳು ದೇಶದಾದ್ಯಂತ ಆಶಾ ಕಾರ್ಯಕರ್ತೆಯರ ಕೆಲಸವಾದವು. ಹಳೆಯ ರೀತಿಯ ಪಟ್ಟಿಯಲ್ಲಾದರೆ ‘ನವಜಾತ ಶಿಶುವಿನ ಉಸಿರಾಟದ ತೊಂದರೆಗಳು’ ಎಂಬ ಒಂದು ಸಾಲು ಬಿದ್ದು ಅಲ್ಲಿಗೆ ಮುಗಿಯುತ್ತಿತ್ತು. ಅದೇ ಸಾಲನ್ನು ಸಾಮರ್ಥ್ಯವಾಗಿ ಬರೆಯುವಾಗ ಹೀಗಾಗುತ್ತದೆ: ಕೂಸು ಅಳದೆ ಸಮಾಧಾನವಾಗಿರುವಾಗ ಅದರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುವುದು, ಎಣಿಕೆ 60 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮತ್ತೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳುವುದು, ಆಗಲೂ ಹೆಚ್ಚಿದ್ದರೆ ಮನೆಯವರನ್ನು ಒಪ್ಪಿಸಿ ಆಸ್ಪತ್ರೆಗೆ ಕಳಿಸುವುದು. ಇಲ್ಲಿನ ಕ್ರಿಯಾಪದಗಳು ಎಣಿಸು, ಒಪ್ಪಿಸು, ಕಳಿಸು. ‘ಅರಿಯುವುದು’, ‘ಮನಗಾಣುವುದು’ ಎಂದು ಬರೆದ ಉದ್ದೇಶಗಳು ಓದಲು ಗಂಭೀರವಾಗಿರುತ್ತವೆ, ಆದರೆ ಕಲಿತವರು ಮನಗಂಡರೋ ಇಲ್ಲವೋ ಎಂದು ಹೊರಗಿನಿಂದ ಹೇಳುವ ದಾರಿಯಿಲ್ಲ.

‘ಒಪ್ಪಿಸಿ’ ಎಂಬ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಬಾಣಂತಿಯ ಕೋಣೆಯಲ್ಲಿ ಅಜ್ಜಿಯೊಬ್ಬರು “ಹಸುಗೂಸನ್ನ ತೂಗಬಾರದು ಕಣವ್ವ, ದೃಷ್ಟಿಯಾಗ್ತದೆ” ಎಂದು ತಡೆದರೆ ತಕ್ಕಡಿ ಚೀಲದಲ್ಲೇ ಉಳಿಯುತ್ತದೆ. ತೂಕ ನೋಡುವುದನ್ನು ಕಲಿಸುವ ಪಠ್ಯಕ್ರಮದಲ್ಲಿ ಆ ಅಜ್ಜಿಗೂ ಜಾಗವಿರಬೇಕು: ತರಬೇತಿಯ ದಿನ ಒಬ್ಬರು ಅಜ್ಜಿಯಾಗಿ, ಇನ್ನೊಬ್ಬರು ಕಾರ್ಯಕರ್ತೆಯಾಗಿ ಆ ಸಂಭಾಷಣೆಯನ್ನು ಆಡಿ ನೋಡಬೇಕು.

ವೈದ್ಯ ಶಿಕ್ಷಣದಲ್ಲಿ ಈ ಪದಕ್ಕೆ ಅಧಿಕೃತ ಮುದ್ರೆ ಬಿದ್ದದ್ದು 2019ರಲ್ಲಿ, ಭಾರತದ ಎಂಬಿಬಿಎಸ್ ಶಿಕ್ಷಣ ಸಾಮರ್ಥ್ಯಾಧಾರಿತವಾದಾಗ. ಅದರ ಕೋಷ್ಟಕಗಳಲ್ಲಿ ಪ್ರತಿಯೊಂದು ಸಾಮರ್ಥ್ಯದ ಮುಂದೆ ಅದು ಮುಟ್ಟಬೇಕಾದ ಹಂತವನ್ನು ಗುರುತಿಸಲಾಗಿದೆ: ಬಲ್ಲರು, ಹೇಗೆಂದು ಬಲ್ಲರು, ಮಾಡಿ ತೋರಿಸಬಲ್ಲರು, ಸ್ವತಂತ್ರವಾಗಿ ಮಾಡುತ್ತಾರೆ. ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ಮುಂದಿಟ್ಟ ನಾಲ್ಕು ಮೆಟ್ಟಿಲಿನ ಪಿರಮಿಡ್ಡು ಇದರ ಮೂಲ. ಗಮನಿಸಬೇಕಾದದ್ದೆಂದರೆ, ಎಲ್ಲವನ್ನೂ ಕೊನೆಯ ಮೆಟ್ಟಿಲಿಗೆ ಏರಿಸುವ ಹಟ ಅಲ್ಲಿಲ್ಲ. ಯಾವುದು ತಿಳಿದಿದ್ದರೆ ಸಾಕು, ಯಾವುದು ಕೈಗೆ ಬರಲೇಬೇಕು ಎಂದು ಮೊದಲೇ ತೀರ್ಮಾನಿಸುವುದೇ ಪಠ್ಯಕ್ರಮ ರೂಪಿಸುವವರ ಅರ್ಧ ಕೆಲಸ, ಮತ್ತು ತಮ್ಮ ತಮ್ಮ ವಿಷಯವೇ ಮುಖ್ಯವೆನ್ನುವ ಪ್ರಾಧ್ಯಾಪಕರು ಒಂದೇ ಮೇಜಿನ ಸುತ್ತ ಕೂತಾಗ ಅತ್ಯಂತ ಕಷ್ಟದ ಕೆಲಸವೂ ಹೌದು.

ಉಳಿದರ್ಧ ಪರೀಕ್ಷೆ. ಮಾಡಿ ತೋರಿಸಬೇಕಾದದ್ದನ್ನು ಹತ್ತು ಅಂಕದ ಪ್ರಬಂಧವಾಗಿ ಕೇಳಿದರೆ ವಿದ್ಯಾರ್ಥಿಗಳು ಪ್ರಬಂಧವನ್ನೇ ಕಲಿಯುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ‘ಓಸ್ಕಿ’ ಪರೀಕ್ಷಾ ಪದ್ಧತಿ ಇದಕ್ಕೊಂದು ಉಪಾಯ. ಅಲ್ಲಿ ವಿದ್ಯಾರ್ಥಿ ಒಂದೊಂದು ಮೇಜಿನ ಬಳಿ ಕೆಲವು ನಿಮಿಷ ನಿಂತು, ಒಂದು ಕಡೆ ರಕ್ತದೊತ್ತಡ ಅಳೆಯುತ್ತಾ, ಇನ್ನೊಂದು ಕಡೆ ರೋಗಿಯ ಪಾತ್ರಧಾರಿಯೊಡನೆ ಮಾತಾಡುತ್ತಾ ಮುಂದಕ್ಕೆ ಹೋಗುತ್ತಾರೆ. ಪರೀಕ್ಷಕರು ಕೈಯಲ್ಲಿರುವ ಪಟ್ಟಿಗೆ ಗುರುತು ಹಾಕುತ್ತಾರೆ. ಇದರಲ್ಲೂ ಒಂದು ತೊಡಕಿದೆ. ಕೆಲಸವನ್ನು ಇಪ್ಪತ್ತು ಚೂರು ಮಾಡಿ ಗುರುತು ಹಾಕುತ್ತಾ ಹೋದರೆ, ಎಲ್ಲ ಚೂರುಗಳಲ್ಲೂ ಗೆದ್ದವರು ಇಡೀ ರೋಗಿಯ ಮುಂದೆ ತಬ್ಬಿಬ್ಬಾಗುವುದುಂಟು.

2019ರ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಸೇರಿದವರಿಗೆ ಆರಂಭದ ಒಂದು ತಿಂಗಳ ಬುನಾದಿ ತರಗತಿಯಿದ್ದು, ಸ್ಥಳೀಯ ಭಾಷೆಯನ್ನೂ ಅದರಲ್ಲಿ ಸೇರಿಸಲಾಯಿತು. ಕರ್ನಾಟಕದಲ್ಲಿ ಓದುವ ಹೊರರಾಜ್ಯದವರಿಗೆ ಅದು ಕನ್ನಡ. ಇದನ್ನು ‘ಕನ್ನಡ ಪರಿಚಯ’ ಎಂದು ಬರೆದರೆ ಅಕ್ಷರಮಾಲೆ ಮತ್ತು ‘ನಿಮ್ಮ ಹೆಸರೇನು’ ಎಂಬಲ್ಲಿಗೆ ನಿಂತೀತು. ಸಾಮರ್ಥ್ಯವಾಗಿ ಬರೆಯುವುದಾದರೆ ಹೀಗೆ ಬರೆಯಬೇಕಾಗುತ್ತದೆ: ರೋಗಿ ‘ತಲೆ ಸುತ್ತುತ್ತೆ’ ಎಂದಾಗ, ಸುತ್ತಲಿನದೆಲ್ಲ ಗಿರ್ರನೆ ತಿರುಗಿದಂತಾಗುತ್ತದೆಯೋ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುತ್ತದೆಯೋ ಎಂದು ಕನ್ನಡದಲ್ಲೇ ಕೇಳಿ ಬೇರ್ಪಡಿಸುವುದು, ಏಕೆಂದರೆ ಮೊದಲನೆಯದು ಒಳಗಿವಿಯ ಕಡೆಗೂ ಎರಡನೆಯದು ರಕ್ತದೊತ್ತಡದ ಕಡೆಗೂ ವೈದ್ಯರನ್ನು ಕರೆದೊಯ್ಯಬಹುದು.