ಮೆಣಸು ಬಳ್ಳಿಯದು, ಮೆಣಸಿನಕಾಯಿ ಗಿಡದ್ದು. ಹೆಸರು ಹೇಗೆ ಒಂದಾಯ್ತು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ, ಹಿತ್ತಲಲ್ಲಿ ಮೆಣಸಿನ ಗಿಡವೂ ಇದೆ. ಒಂದಕ್ಕೊಂದು ಸಂಬಂಧವೇ ಕಾಣಲ್ಲ. ಎರಡೂ ‘ಮೆಣಸು’ ಯಾಕೆ?

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ, ಸಂಬಂಧ ಇಲ್ಲ. ಬಳ್ಳಿಯ ಮೆಣಸು ವೀಳ್ಯದೆಲೆಯ ನೆಂಟ, ಎರಡರ ಎಲೆಯನ್ನೂ ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ. ಹಿತ್ತಲಿನದು ಬದನೆ, ಟೊಮೆಟೊ ಬಳಗದ್ದು.

ಹೆಸರಿನ ಯಜಮಾನ ಬಳ್ಳಿಯೇ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದನಲ್ಲ, ಬಂದದ್ದು ಈ ಕರಾವಳಿಯ ಕರಿಮೆಣಸಿನಂಥ ಸರಕಿನ ಆಸೆಗೆ, ಆದರೆ ಅವನ ಹಿಂದೆ ಬಂದ ಪೋರ್ಚುಗೀಸರು ಹೊಸದೊಂದು ಖಾರವನ್ನೇ ಇಲ್ಲಿ ಇಳಿಸಿದರು. ಅಲ್ಲೀತನಕ ನಮಗೆ ಖಾರ ಅಂದ್ರೆ ಮೆಣಸು, ಶುಂಠಿ, ಹಿಪ್ಪಲಿ. ಹೊಸದನ್ನು ಕಚ್ಚಿ ನೋಡಿದವರು ‘ಇದು ಮೆಣಸಿನಂಥ ಕಾಯಿ’ ಅಂದರು, ಅಷ್ಟೇ. ತಮಿಳಿನವರೂ ‘ಮಿಳಗು’ ಜೊತೆ ‘ಕಾಯ್’ ಸೇರಿಸಿ ‘ಮಿಳಗಾಯ್’ ಮಾಡಿಕೊಂಡರು. ಸ್ಪೇನಿನವರೂ ಎಡವಿದ್ದು ಇಲ್ಲೇ: ಕಾಳು ‘ಪಿಮಿಯೆಂತಾ’, ಕಾಯಿ ‘ಪಿಮಿಯೆಂತೊ’. ಇಂಗ್ಲಿಷಿನ ‘ಪೆಪ್ಪರ್’ ಕಥೆ ಇನ್ನೂ ಮಜಾ, ಅದರ ಬೇರು ನಮ್ಮ ಪಿಪ್ಪಲಿ, ಅಂದ್ರೆ ಹಿಪ್ಪಲಿ. (ಹಣ್ಣಾಗಿ ಕೆಂಪಾಗಿ ಒಣಗಿದ ಮೇಲೂ ನಾವು ಮೆಣಸಿನಕಾಯನ್ನ ‘ಕಾಯಿ’ ಅಂತಲೇ ಕರೀತೀವಿ, ಗಮನಿಸಿದ್ದೀರಾ?)

ಆಮೇಲೆ ಆಗಿದ್ದು ಸ್ವಲ್ಪ ಅನ್ಯಾಯ. ಹೊಸಬ ಸುಮ್ನೆ ಹೆಸರು ಸಾಲ ತಗೊಂಡಿದ್ದ, ವಾಪಸ್ ಕೊಡಲೇ ಇಲ್ಲ. ಈಗ ಹಸಿಮೆಣಸು, ಒಣಮೆಣಸು, ತೋಟದಲ್ಲಿ ತಾನಾಗೇ ಹುಟ್ಟುವ ಸೂಜಿಮೆಣಸು, ಎಲ್ಲ ಕಾಯಿಯದ್ದೇ. ಹಳೇ ಮೆಣಸು ತನ್ನ ಗುರುತಿಗೆ ‘ಕಾಳು’, ‘ಕರಿ’, ‘ಒಳ್ಳೆ’ ಅಂತ ಏನಾದರೂ ಅಂಟಿಸಿಕೊಂಡೇ ಓಡಾಡಬೇಕು. ‘ಒಳ್ಳೆಮೆಣಸು’ ನನಗೆ ಬಹಳ ಇಷ್ಟ. ತುಳುವಿನಲ್ಲೂ ಅದು ‘ಎಡ್ಡೆ ಮುಂಚಿ’, ಎಡ್ಡೆ ಅಂದ್ರೆ ಒಳ್ಳೆಯದು. ಹಾಗಾದ್ರೆ ಇನ್ನೊಂದು ಕೆಟ್ಟದ್ದಾ ಅಂತ ಕೇಳಬೇಡಿ!

ನಾನು ಅರಸೀಕೆರೆ ಬಯಲಿನವನು. ಒಮ್ಮೆ ಮೂಡಿಗೆರೆಯ ಚಿಕ್ಕಮ್ಮನ ಮನೆಯಲ್ಲಿ ಎಲ್ಲರಿಗೂ ಶೀತ. ‘ಸಾರಿಗೆ ಎರಡು ಚಮಚ ಮೆಣಸು ಕುಟ್ಟಿ ಹಾಕೋ ಮಗಾ’ ಅಂತ ಒಳಗಿನಿಂದ ಕೂಗಿದರು. ನಾನು ಒಣಮೆಣಸಿನಕಾಯಿ ಡಬ್ಬಿ ತೆಗೆದೆ, ಕುಟ್ಟಿದೆ, ಭರ್ತಿ ಎರಡು ಚಮಚ ಹಾಕಿದೆ. ಸಾರು ಕೆಂಪಗೆ ಕುದೀತಾ ಇತ್ತು. ಚಿಕ್ಕಮ್ಮ ಬಂದು ಪಾತ್ರೆ ನೋಡಿದರು, ನನ್ನ ನೋಡಿದರು, ‘ಅಯ್ಯೋ, ಕಾಳು ಕಣೋ’ ಅಂದರು. ಚೆಲ್ಲೋಕೆ ಮನಸ್ಸಾಗದೆ ಅದನ್ನೇ ಅನ್ನಕ್ಕೆ ತುಪ್ಪ ಸುರಿದುಕೊಂಡು ಉಂಡೆವು. ಶೀತ ಏನಾಯ್ತೋ, ಮೂಗಂತೂ ನಲ್ಲಿ ಥರ ಸುರೀತು.