ಕಕ್ಕಡ ಪಾಯಸ, ಲಿವರು, ಮತ್ತೆ ಒಂದು ಸ್ವಿಚ್ಚಿನ ಕಥೆ

ಆಗಸ್ಟ್ 3 ಬಂತು ಅಂದ್ರೆ, ಅಂದ್ರೆ ಕೊಡಗಿನ ಕಕ್ಕಡ ತಿಂಗಳ 18ಕ್ಕೆ, ಸೋಮವಾರಪೇಟೆ ಕಡೆ ನಮ್ಮನೇಲೂ ಮದ್ದುಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ಕಡು ನೇರಳೆಗೆ ತಿರುಗಿ ಮನೆ ತುಂಬಾ ಘಮ್ ಅಂತಿರುತ್ತೆ, ತಿಂದ್ಮೇಲೆ ಮೂತ್ರನೂ ಕೆಂಪಗೆ ಹೋಗುತ್ತೆ. ಈ ಸಲ ಚಿಕ್ಕಮ್ಮ ಸೌಟು ಹಿಡ್ಕೊಂಡೇ ಕೇಳಿದ್ರು, "ಇದ್ರಲ್ಲಿ ಆಂಟಿಆಕ್ಸಿಡೆಂಟ್ ಇದ್ಯಂತಲ್ಲೋ, ನಿನ್ನ ಚಿಕ್ಕಪ್ಪನ ಲಿವರ್ ಕ್ಲೀನ್ ಆಗುತ್ತಾ?"

ಅವರಿಗೆ ಹೇಳೋಕೆ ಕೂತಿದ್ದೇ ಈ ಕಥೆ.

ನಾವು ಉಸಿರಾಡೋ ಆಕ್ಸಿಜನ್ನಿಂದ್ಲೇ ಜೀವಕೋಶದೊಳಗೆ ಒಂದಿಷ್ಟು ಪುಂಡ ಕಣಗಳು ಹುಟ್ತವೆ, ಸಿಕ್ಕಿದ್ದನ್ನೆಲ್ಲ ಕೆಡಿಸ್ತವೆ. ಅವು ಮಿತಿ ಮೀರಿದ್ರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್, ಅವನ್ನ ಅಡಗಿಸೋದೇ ಆಂಟಿಆಕ್ಸಿಡೆಂಟ್. ಹೆಂಡ, ಮಾತ್ರೆ ಎಲ್ಲ ಅರೆಯೋ ಕೆಲಸ ಲಿವರಿಂದೇ ಆದ್ದರಿಂದ ಅದಕ್ಕೆ ಈ ಕಾಟ ಜಾಸ್ತಿ. ಈ ಕಣಗಳನ್ನ ಅಡಗಿಸೋ ಒಂದು ಎಂಜೈಮ್ ದೇಹದಲ್ಲೇ ಇದೆ ಅಂತ 1969ರಲ್ಲಿ ಮೆಕಾರ್ಡ್, ಫ್ರಿಡೋವಿಚ್ ಅನ್ನೋ ವಿಜ್ಞಾನಿಗಳು ತೋರಿಸಿದ್ರು. ಆದ್ರೆ ಬೇಕಾದಾಗ ಇಂಥವನ್ನ ಜಾಸ್ತಿ ಮಾಡು ಅಂತ ಜೀನ್‌ಗಳಿಗೆ ಹೇಳೋರು ಯಾರು?

ಉತ್ತರ ಸಿಕ್ಕಿದ್ದು ಬೇರೇನೋ ಹುಡುಕೋವಾಗ. 1994ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೈ. ಡಬ್ಲ್ಯೂ. ಕಾನ್ ತಂಡ ಹಿಮೋಗ್ಲೋಬಿನ್ ಜೀನನ್ನ ನಡೆಸೋ ಪ್ರೋಟೀನ್ ಹುಡುಕ್ತಾ ಇತ್ತು, ಕೈಗೆ ಸಿಕ್ಕಿದ್ದು ಎನ್‌ಆರ್‌ಎಫ್2 ಅನ್ನೋ ಪ್ರೋಟೀನ್. ಎರಡು ವರ್ಷ ಬಿಟ್ಟು ಈ ಪ್ರೋಟೀನಿನ ಜೀನೇ ಇಲ್ಲದ ಇಲಿ ಮಾಡಿ ನೋಡಿದ್ರೆ ರಕ್ತಕ್ಕೆ ಏನೂ ಆಗಿರಲಿಲ್ಲ! ಹಾಗಾದ್ರೆ ಇದ್ಯಾಕಿದೆ? 1997ರಲ್ಲಿ ಜಪಾನಿನ ಯಮಾಮೊಟೊ ತಂಡ ಗುಟ್ಟು ಬಿಡಿಸ್ತು, ಎನ್‌ಆರ್‌ಎಫ್2 ಇಲ್ಲದ ಇಲಿಯ ಲಿವರಲ್ಲಿ ವಿಷ ಕಳೆಯೋ ಎಂಜೈಮ್‌ಗಳು ಬೇಕಾದಾಗ ಏರ್ತಾನೇ ಇರಲಿಲ್ಲ. 1999ರಲ್ಲಿ ಅದೇ ತಂಡಕ್ಕೆ ಕೀಪ್1 ಅನ್ನೋ ಪ್ರೋಟೀನೂ ಸಿಕ್ತು, ಎನ್‌ಆರ್‌ಎಫ್2ನ ಕಾವಲುಗಾರ.

ನಂಗೆ ತುಂಬ ಇಷ್ಟ ಆಗೋದು ಇಲ್ಲೇ. ಏನೂ ತೊಂದ್ರೆ ಇಲ್ಲದಾಗ ಕೀಪ್1 ಎನ್‌ಆರ್‌ಎಫ್2ನ ಹಿಡ್ಕೊಂಡು ಹುಟ್ಟಿದ ಹಾಗೇ ನಾಶಕ್ಕೆ ಕಳಿಸ್ತಿರುತ್ತೆ, ಆದ್ರೆ ಕೀಪ್1ನ ಮೈಮೇಲಿರೋ ಸಿಸ್ಟೀನ್ ಅನ್ನೋ ಗಂಧಕದ ತುಣುಕುಗಳಿಗೆ ಆ ಪುಂಡ ಕಣ ತಾಗಿದ್ರೆ ಸಾಕು, ಹಿಡಿತ ಸಡಿಲ, ಎನ್‌ಆರ್‌ಎಫ್2 ಉಳ್ಕೊಂಡು ನ್ಯೂಕ್ಲಿಯಸ್ಸಿಗೆ ಹೋಗಿ ಡಿಎನ್‌ಎ ಮೇಲೆ ಕೂತು ಎಷ್ಟೋ ಜೀನ್‌ಗಳನ್ನ ಒಟ್ಟಿಗೆ ಎಬ್ಬಿಸುತ್ತೆ. ಗ್ಲುಟಾಥಯೋನ್ ಅನ್ನೋ ಆಂಟಿಆಕ್ಸಿಡೆಂಟ್ ತಯಾರಾಗೋದೂ ಹೀಗೇ ಏರುತ್ತೆ. ಅಂದ್ರೆ ಲಿವರಿನ ದೊಡ್ಡ ಆಂಟಿಆಕ್ಸಿಡೆಂಟ್ ಡಬ್ಬೀಲಿ ಬರೋದಲ್ಲ, ಲಿವರೇ ಮಾಡ್ಕೊಳ್ಳೋದು.

ಪ್ಯಾರಾಸಿಟಮಾಲ್‌ನಿಂದಲೂ ಲಿವರಲ್ಲಿ ಸ್ವಲ್ಪ ವಿಷ ಹುಟ್ಟುತ್ತೆ, ಅದನ್ನ ಕಟ್ಟಿಹಾಕೋದು ಈ ಗ್ಲುಟಾಥಯೋನೇ. 2001ರಲ್ಲಿ ಅದೇ ಕಾನ್ ತಂಡ ತೋರಿಸಿದ್ದು, ಮಾಮೂಲಿ ಇಲಿ ತಡ್ಕೊಳ್ಳೋ ಡೋಸಿಗೆ ಎನ್‌ಆರ್‌ಎಫ್2 ಇಲ್ಲದ ಇಲಿ ಸತ್ತೇ ಹೋಗ್ತಿತ್ತು. ದಿನಾ ಕುಡಿಯೋರಲ್ಲಿ ಆ ವಿಷ ಮಾಡೋ ಎಂಜೈಮ್ ಜಾಸ್ತಿ, ಗ್ಲುಟಾಥಯೋನ್ ದಾಸ್ತಾನು ಕಮ್ಮಿ.

ಹಾಗಂತ ಎನ್‌ಆರ್‌ಎಫ್2 ಅನ್ನೋ ಈ ಸ್ವಿಚ್ ಯಾವಾಗ್ಲೂ ಆನ್ ಇರಲಿ ಅನ್ನೋ ಹಾಗೂ ಇಲ್ಲ. ಕೆಲವು ಲಿವರ್ ಕ್ಯಾನ್ಸರಲ್ಲಿ ಎನ್‌ಆರ್‌ಎಫ್2 ಇಲ್ಲಾ ಕೀಪ್1 ಜೀನೇ ಕೆಟ್ಟು ಸ್ವಿಚ್ ಆನಲ್ಲೇ ನಿಂತಿರುತ್ತೆ, ರಕ್ಷಣೆ ಸಿಗೋದು ಕ್ಯಾನ್ಸರ್ ಕೋಶಕ್ಕೆ.

ಚಿಕ್ಕಮ್ಮಂಗೆ ಹೇಳಿದೆ, ಪಾಯಸ ಮಾಡಿ, ನಂಗೂ ಎರಡು ಲೋಟ ಇಡಿ, ಅದು ಲಿವರ್ ತೊಳೆಯುತ್ತೆ ಅಂತ ಮಾತ್ರ ಚಿಕ್ಕಪ್ಪಂಗೆ ಹೇಳ್ಬೇಡಿ. ಮಳೆಗೆ ಜ್ವರ ಬಂದ್ರೆ ಅವರು ರಾತ್ರಿ ಕುಡಿದ್ಮೇಲೆ 650ರ ಪ್ಯಾರಾಸಿಟಮಾಲ್ ಮಾತ್ರೆ ಎರಡೆರಡು ನುಂಗ್ತಾರೆ, ಆ ಸ್ಟ್ರಿಪ್ ಇನ್ಮೇಲೆ ನಿಮ್ಮ ಬೀರುವಿನಲ್ಲಿರಲಿ.