ಹುಟ್ಟುವ ಮೊದಲೇ ಉಸಿರಿಗೊಂದು ಬಲೂನು

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನೋಡೋಕೆ ದಕ್ಷಿಣ ಕೊಡಗಿನ ಕುಟ್ಟಕ್ಕೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಅದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಬಸುರಿಯರನ್ನು ಕಿಟಕಿ ಮುಚ್ಚಿ ಒಳಗೆ ಕೂರಿಸಿದ್ದರು. ಚಾಕು ಮುಟ್ಟಬೇಡ, ತರಕಾರಿ ಹೆಚ್ಚಬೇಡ, ಮಗುವಿಗೆ ಊನ ಆಗುತ್ತೆ ಅಂತ. ನನಗೆ ಇದು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಸ್ನಾಯುವಿನ ಪರದೆ ವಪೆ. ಮಗು ಅದರಲ್ಲಿ ತೂತಿಟ್ಟುಕೊಂಡು ಹುಟ್ಟಿದರೆ ಬೈಗುಳ ತಾಯಿಗೇ. ವಪೆ ಮುಚ್ಚಿಕೊಳ್ಳುವುದು ಗರ್ಭದ ಮೂರನೇ ತಿಂಗಳೊಳಗೆ. ಏಳನೇ ತಿಂಗಳ ಗ್ರಹಣ ಅದಕ್ಕೇನು ಮಾಡೀತು?

ಆ ತೂತಿನಿಂದ ಕರುಳು, ಕೆಲವೊಮ್ಮೆ ಯಕೃತ್ತೂ ಎದೆಗೆ ಏರುತ್ತದೆ. ಶ್ವಾಸಕೋಶಕ್ಕೆ ಬೆಳೆಯೋಕೆ ಜಾಗ ಇರೋದಿಲ್ಲ. ಅಮೆರಿಕದ ಮಕ್ಕಳ ಶಸ್ತ್ರವೈದ್ಯ ಮೈಕೆಲ್ ಹ್ಯಾರಿಸನ್ ತರಬೇತಿಯಲ್ಲಿದ್ದಾಗ ಇಂಥದೊಂದು ಆಪರೇಷನ್‌ನಲ್ಲಿ ಜೊತೆಗಿದ್ದರು. ತೂತು ಹೊಲಿದರು, ಮಗು ಉಳಿಯಲಿಲ್ಲ. ಹುಟ್ಟುವ ಮೊದಲೇ ಹೊಲಿದಿದ್ದರೆ? ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಕುರಿಮರಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದರು. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ತಂಡ ಗರ್ಭಕೋಶ ತೆರೆದು ಮೊದಲ ಬಾರಿಗೆ ಭ್ರೂಣಕ್ಕೆ ಆಪರೇಷನ್ ಮಾಡಿತು. ಅದು ಮೂತ್ರ ಕಟ್ಟಿಕೊಂಡಿದ್ದ ಮಗು. ವಪೆ ಹೊಲಿದು ಗೆದ್ದ ಸುದ್ದಿ ಬಂದದ್ದು 1990ರಲ್ಲಿ. ಆದರೆ ಯಕೃತ್ತು ಮೇಲೇರಿದ್ದ ಮಕ್ಕಳಲ್ಲಿ ಅದನ್ನು ಕೆಳಗೆಳೆದರೆ ಹೊಕ್ಕುಳಿನ ರಕ್ತನಾಳ ಮಡಚಿಕೊಂಡು ರಕ್ತವೇ ನಿಂತುಬಿಡುತ್ತಿತ್ತು.

ಆಗ ಹೊಳೆದದ್ದು ಇನ್ನೊಂದು ದಾರಿ. ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಸುಮ್ನೆ ಮುದುಡಿ ಕೂತಿರೋದಿಲ್ಲ. ಅದು ಒಂದು ದ್ರವವನ್ನು ಒಸರುತ್ತಲೇ ಇರುತ್ತದೆ. ಆ ದ್ರವ ಶ್ವಾಸನಾಳ ಹತ್ತಿ ಆಚೆ ಬಂದು ಮಗುವಿನ ಸುತ್ತಲಿನ ನೀರಿಗೆ ಸೇರುತ್ತದೆ. ಗದ್ದೆ ಬದುವಿನ ಕಂಡಿಗೆ ಮಣ್ಣು ಮೆತ್ತಿದರೆ ನೀರು ಏರುತ್ತದಲ್ವಾ, ಹಾಗೆ ಶ್ವಾಸನಾಳ ಮುಚ್ಚಿದರೆ ದ್ರವ ಒಳಗೇ ನಿಂತು ಶ್ವಾಸಕೋಶವನ್ನು ಹಿಗ್ಗಿಸುತ್ತದೆ. ಹಿಗ್ಗಿದ ಅಂಗಾಂಶ ಬೆಳೆಯುತ್ತದೆ, ಎದೆಗೇರಿದ ಕರುಳನ್ನೂ ಒತ್ತರಿಸುತ್ತದೆ. ಸುಳಿವು ಮೊದಲೇ ಇತ್ತು: ಹುಟ್ಟಾ ಶ್ವಾಸನಾಳ ಮುಚ್ಚಿದ್ದ ಮಕ್ಕಳ ಶ್ವಾಸಕೋಶ ವಿಪರೀತ ದೊಡ್ಡದಾಗಿರುತ್ತಿತ್ತು. ಮುಚ್ಚಿಯೇ ಇಟ್ಟರೂ ಕಷ್ಟ. ಗಾಳಿಗೂಡುಗಳು ಅಂಟಿಕೊಳ್ಳದಂತೆ ಕಾಯುವ ವಸ್ತುವನ್ನು ತಯಾರಿಸುವ ಕೋಶಗಳೇ ಕಡಿಮೆಯಾಗುತ್ತವೆ. ಅದಕ್ಕೇ ಶ್ವಾಸನಾಳ ಮುಚ್ಚಲು ಒಳಗಿಟ್ಟ ಪುಟ್ಟ ಬಲೂನನ್ನು ಈಗ 34ನೇ ವಾರಕ್ಕೆ ತೆಗೆಯುತ್ತಾರೆ.

ಹ್ಯಾರಿಸನ್ ಮೇಲೆ ನನಗೆ ಜಾಸ್ತಿ ಗೌರವ ಬಂದದ್ದು 2003ರ ಲೆಕ್ಕ ನೋಡಿ. ಅವರ ತಂಡವೇ ಬಲೂನನ್ನು ಪರೀಕ್ಷೆಗೆ ಒಡ್ಡಿತು. ಬಲೂನು ಇಟ್ಟವರಲ್ಲಿ ಶೇ. 73, ಇಡದವರಲ್ಲಿ ಶೇ. 77 ಮಕ್ಕಳು ಉಳಿದರು. ಲಾಭವಿಲ್ಲ ಅಂತ ಅವರೇ ಪ್ರಕಟಿಸಿದರು. ಅವರ ಕೈಕೆಳಗೆ ಕಲಿತ ಸ್ಕಾಟ್ ಆಡ್ಜಿಕ್ ಫಿಲಡೆಲ್ಫಿಯಾಕ್ಕೆ ಹೋಗಿ, ಬೆನ್ನುಹುರಿ ತೆರೆದ ಮಕ್ಕಳಿಗೆ ಗರ್ಭದಲ್ಲೇ ಆಪರೇಷನ್ ಮಾಡಿದರೆ ಒಳ್ಳೆಯದೆಂದು 2011ರಲ್ಲಿ ಇಂಥದೇ ಪರೀಕ್ಷೆಯಿಂದ ತೋರಿಸಿದರು. ಬಲೂನನ್ನು ಯುರೋಪಿನವರು ಕೈಬಿಡಲಿಲ್ಲ. ಶ್ವಾಸಕೋಶ ತೀರಾ ಚಿಕ್ಕದಿದ್ದ ಮಕ್ಕಳನ್ನಷ್ಟೇ ಆರಿಸಿ ಮಾಡಿದ ಪರೀಕ್ಷೆಯ ಫಲ 2021ರಲ್ಲಿ ಬಂತು: ಬಲೂನು ಇಟ್ಟವರಲ್ಲಿ ಶೇ. 40, ಇಡದವರಲ್ಲಿ ಶೇ. 15 ಉಳಿದರು.

ಇದಕ್ಕೂ ಬೆಲೆಯಿದೆ. ಬಲೂನು ಇಟ್ಟವರಲ್ಲಿ ಅವಧಿಗೆ ಮೊದಲೇ ಹೆರಿಗೆಯಾದವರು ಶೇ. 75. ನೋವು ಬೇಗ ಬಂದರೆ ಮೊದಲು ಬಲೂನು ತೆಗೆಯಬೇಕು, ಇಲ್ಲದಿದ್ದರೆ ಮಗುವಿಗೆ ಉಸಿರೇ ಇಲ್ಲ. ಮಳೆಗಾಲದಲ್ಲಿ ಸಂಪಾಜೆ ಘಾಟಿ ಇಳಿದು ಹೋದರಾಯ್ತು ಅಂತ ಮಡಿಕೇರಿಯಲ್ಲಿ ಕೂರುವ ಹಾಗಿಲ್ಲ. ಅಷ್ಟೂ ವಾರ ಬಲೂನು ಇಟ್ಟ ಆಸ್ಪತ್ರೆಯ ಪಕ್ಕದಲ್ಲೇ ಮನೆ ಹಿಡಿಯಬೇಕು.